ಕೋಳಿಯ ಸ್ನಾಯು ಬೆಳವಣಿಗೆಯಲ್ಲಿ ಮೈಕ್ರೋ ಆರ್‌ಎನ್‌ಎಗಳ ಪಾತ್ರ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ಮರ್ಫಿ ಟೌನ್, ಹಲಸೂರು ಮುಂತಾದ ಕಡೆಯ ಅಂಗಡಿಗಳಲ್ಲಿ ಮಾರಾಟವಾಗುವ ಬ್ರಾಯ್ಲರ್ ಕೋಳಿಯು ಮೊಟ್ಟೆಯೊಡೆದ ದಿನ ಸುಮಾರು 40 ಗ್ರಾಂ ತೂಗುತ್ತದೆ. ಸುಮಾರು 6 ವಾರಗಳಲ್ಲಿ 2 ಕಿ.ಗ್ರಾಂ. ಮುಟ್ಟುತ್ತದೆ. ಹಾರ್ಮೋನು ಚುಚ್ಚುಮದ್ದೇ ಇದಕ್ಕೆ ಕಾರಣವೆಂಬ ತಪ್ಪು ಕಲ್ಪನೆ ಸಾರ್ವಜನಿಕರಲ್ಲಿದೆ. ವಾಸ್ತವವಾಗಿ ಹಲವು ತಲೆಮಾರುಗಳ ತಳಿ ಆಯ್ಕೆ, ಸಮತೋಲನ ಆಹಾರ ಮತ್ತು ಉತ್ತಮ ಪಾಲನೆ ಇದರ ಕಾರಣಗಳಾಗಿರುತ್ತವೆ. ಸ್ನಾಯುವಿನ ಬೆಳವಣಿಗೆಯನ್ನು ಕೋಳಿಯ ಜೀವಕೋಶಗಳೇ ನಿಯಂತ್ರಿಸುತ್ತವೆ. ಈ ನಿಯಂತ್ರಕಗಳಲ್ಲಿ ಮೈಕ್ರೋ ಆರ್‌ಎನ್‌ಎಗಳೂ ಸೇರಿವೆ.

2. ಮೈಕ್ರೋ ಆರ್‌ಎನ್‌ಎ ಎಂದರೇನು?

ವಂಶವಾಹಿಯ ಸೂಚನೆಯನ್ನು ಸಂದೇಶವಾಹಕ ಆರ್‌ಎನ್‌ಎ ಒಯ್ಯುತ್ತದೆ. ಅದರಂತೆ ಪ್ರೋಟೀನ್ ತಯಾರಾಗುತ್ತದೆ. ಸುಮಾರು 22 ಘಟಕಗಳಷ್ಟೇ ಉದ್ದವಿರುವ ಮೈಕ್ರೋ ಆರ್‌ಎನ್‌ಎಯು ಆ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುತ್ತದೆ. 1993ರಲ್ಲಿ ಒಂದು ಸೂಕ್ಷ್ಮ ಹುಳುವಿನಲ್ಲಿ ಇದು ಮೊದಲು ಪತ್ತೆಯಾಯಿತು. ಈ ಶೋಧನೆಗಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಸಂದಿದೆ.

3. ಸ್ನಾಯುವಿನಲ್ಲಿ ಕಾರ್ಯವಿಧಾನ

(ಅ) ಮೊಟ್ಟೆಯೊಳಗೆ: ಭ್ರೂಣದ ಸ್ನಾಯುಮೂಲ ಕೋಶಗಳು ಮೊದಲು ವಿಭಜನೆಗೊಂಡು ಸಂಖ್ಯೆಯಲ್ಲಿ ಹೆಚ್ಚುತ್ತವೆ, ಬಳಿಕ ವಿಭಜನೆ ನಿಲ್ಲಿಸಿ, ಒಂದಕ್ಕೊಂದು ಬೆಸೆದು ನಾರುಗಳಾಗುತ್ತವೆ. ಮೈಕ್ರೋ ಆರ್‌ಎನ್‌ಎ-1 ಮತ್ತು 206 ಪ್ಯಾಕ್ಸ್-3 ಎಂಬ ವಂಶವಾಹಿಯ ಸಂದೇಶವನ್ನು ತಡೆದು, ಕೋಶಗಳು ಸಕಾಲದಲ್ಲಿ ಸ್ನಾಯುವಾಗಿ ಪಕ್ವಗೊಳ್ಳಲು ನೆರವಾಗುತ್ತವೆಂದು ಕೋಳಿ ಭ್ರೂಣದ ಅಧ್ಯಯನಗಳು ತೋರಿಸಿವೆ. ಮೈಕ್ರೋ ಆರ್‌ಎನ್‌ಎ-133 ಕೋಶ ವಿಭಜನೆಗೆ ಅನುಕೂಲವಾಗಿರುವುದು ಇಲಿಯ ಸ್ನಾಯುಕೋಶಗಳಲ್ಲಿ ಕಂಡುಬಂದಿದೆ.

(ಆ) ಮರಿಯಾದ ನಂತರ: 21ನೆಯ ದಿನ ಮೊಟ್ಟೆಯೊಡೆಯುವ ವೇಳೆಗೆ ಸ್ನಾಯು ನಾರುಗಳ ಸಂಖ್ಯೆ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಆ ಬಳಿಕ ನಾರುಗಳು ದಪ್ಪವಾಗುತ್ತವೆ. ಅವುಗಳ ಪಕ್ಕದಲ್ಲಿರುವ ಉಪಗ್ರಹ ಕೋಶಗಳು ಮೊದಲ ಕೆಲವು ದಿನಗಳಲ್ಲಿ ಅತಿ ಚುರುಕಾಗಿರುತ್ತವೆ.

4. ಸಾಕಣೆದಾರರ ಗಮನಕ್ಕೆ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜ ತಳಿಯು ಹಿತ್ತಲ ಸಾಕಣೆಗೆ ಸೂಕ್ತವಾದುದು. ಬ್ರಾಯ್ಲರ್‌ನ ವೇಗವನ್ನು ಅದರಿಂದ ನಿರೀಕ್ಷಿಸಬಾರದು. ಯಾವ ತಳಿಯಾದರೂ:

• ಮರಿಗಳಿಗೆ ತಡಮಾಡದೆ ಶುದ್ಧ ನೀರು ಮತ್ತು ಮರಿ ಆಹಾರ ಒದಗಿಸಬೇಕು. ಆರಂಭದ ಉಪವಾಸದಿಂದ ಉಪಗ್ರಹ ಕೋಶಗಳ ವೃದ್ಧಿ ಕುಂಠಿತವಾಗುತ್ತದೆ.
• ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ನೀಡಿ, ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ತಗ್ಗಿಸಬೇಕು.
• ಬೆಳವಣಿಗೆಗೆಂದು ಚುಚ್ಚುಮದ್ದು ಕೊಡಿಸುವ ಅಗತ್ಯವಿಲ್ಲ. ರೋಗನಿರೋಧಕ ಲಸಿಕೆಗಳನ್ನು ಮಾತ್ರ ತಪ್ಪದೆ ಹಾಕಿಸಬೇಕು.

ಮರಿಗಳ ಲಭ್ಯತೆ ಹಾಗೂ ಲಸಿಕೆಯ ವಿವರಗಳಿಗೆ ಅರ್ಜಿದಾರರು ಸಮೀಪದ ಸರ್ಕಾರಿ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸಬಹುದು.