ಕಾಕಾ ತಂದ ಮೂರು ಗಡ್ಡಿ

(1/7)
ಮೊದಲ ಈ ಫೋಟೋ ನೋಡ್ರಿ. ಕಾಕಾನ ಹಳೇ ಫೋನಿನಾಗ ತೆಗೆದದ್ದು, ಅದಕ್ಕ ಸ್ವಲ್ಪ ಮಸುಕು ಐತಿ. ನೇರಳೆ ಬಣ್ಣದ ಹೂ, ಕತ್ತಿಯಂಥ ಎಲಿ, ಹಿಂದ ಹಿಮದ ಗುಡ್ಡ. ಹೂವಿನ ಹೆಸರು ಐರಿಸ್. ಜಾಗ ಕಾಶ್ಮೀರ.

ನಮ್ಮ ಕಾಕಾ ಮಿಲಿಟರಿಯಾಗ ಇದ್ದವರು. ಬೆಳಗಾವಿ ಜಿಲ್ಲಾದಾಗ ಇದೇನು ಹೊಸ ಮಾತಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಸೆಂಟರ್ ಬೆಳಗಾವಿಯಲ್ಲೇ ಇದೆ, ನಿಮ್ಮ ಓಣಿಯಾಗೂ ಒಬ್ಬರಾದ್ರೂ ಫೌಜಿ ಇದ್ದೇ ಇರ್ತಾರ. ನಾನು ಎಂಟನೇ ಕ್ಲಾಸಿನಾಗ ಇದ್ದಾಗ ಅಜ್ಜ ತೀರಿಕೊಂಡ್ರು. ಕಾಕಾ ಆಗ ಕಾಶ್ಮೀರದಾಗ. ಹಿಮ ಬಿದ್ದು ದಾರಿ ಬಂದ್ ಆಗಿತ್ತು. ಅವರು ನೇಸರಗಿ ಮುಟ್ಟೋದ್ರೊಳಗ ಅಜ್ಜನ್ನ ಮಣ್ಣು ಮಾಡಿ ಮೂರು ದಿನ ಆಗಿತ್ತು.

ಮುಂದಿನ ಸಲ ರಜೆಗೆ ಬಂದಾಗ ಟ್ರಂಕಿನಾಗ, ಪೇಪರಿನಾಗ ಸುತ್ತಿ, ಮೂರು ಗಡ್ಡಿ ತಂದಿದ್ರು. ಥೇಟ್ ಹಸಿ ಶುಂಠಿ ಇದ್ದಂಗ ಇದ್ವು. ಕ್ಯಾಂಪಿನ ಹತ್ರದ ತೋಟದ ಮುದುಕರೊಬ್ಬರು ಕೊಟ್ಟದ್ದಂತ. ಹೊಲದಾಗ ಅಜ್ಜನ ಸಮಾಧಿ ಮ್ಯಾಲ ಹಚ್ಚಿದ್ರು. "ಇದೇನೋ ತಮ್ಮಾ?" ಅಂತ ಆಯಿ ಕೇಳಿದ್ದಕ್ಕ ಕಾಕಾ ಹೇಳಿದ್ದು ಇಷ್ಟ: "ಅಲ್ಲಿ ಗೋರಿ ಮ್ಯಾಲ ಇದನ್ನ ಹಚ್ತಾರವ್ವಾ. ಯಾರೂ ನೀರ ಹಾಕಂಗಿಲ್ಲ. ಆದ್ರೂ ವರ್ಷಾ ಹೂ ಬಿಡ್ತಾವ."

ಎಲಿ ಬಂದ್ವು. ಹೂ ಬರಲಿಲ್ಲ. ಎರಡನೇ ಮಳಿಗಾಲಕ್ಕ ಮೂರೂ ಕೊಳೆತು ಹೋದ್ವು.

ಯಾಕ? ಆ ಪ್ರಶ್ನೆ ಬೆನ್ನು ಹತ್ತಿ ಓದಿದ್ದನ್ನ ಏಳು ಪೋಸ್ಟಿನಾಗ ಹೇಳ್ತೀನಿ. ಬಿಕಾಂ ಹುಡುಗಗ ಹೂವಿನ ಇತಿಹಾಸ ಯಾಕ ಬೇಕಂತ ನಗಬ್ಯಾಡ್ರಿ. ಲೆಕ್ಕ ಕೊನೀಗೆ ಬರ್ತೈತಿ.

(2/7)
ಗಡ್ಡನೂ ಐತಿ, ಗಡ್ಡಿನೂ ಐತಿ.

ಕಾಕಾ ತಂದ ಜಾತಿಗೆ ಇಂಗ್ಲಿಷ್‌ನಲ್ಲಿ ಬಿಯರ್ಡೆಡ್ ಐರಿಸ್ ಅಂತಾರೆ, ಅಂದ್ರೆ ಗಡ್ಡದ ಐರಿಸ್. ಈ ಹೂವಿಗೆ ಮೂರು ದಳ ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಗೆ ಬಾಗಿರುತ್ತವೆ. ಬಾಗಿದ ದಳದ ನಡುವೆ ಕಂಬಳಿಹುಳದ ಬೆನ್ನಿನಂಥ ರೋಮದ ಸಾಲು. ಅದೇ ಗಡ್ಡ. ದುಂಬಿಗೆ ಮಕರಂದದ ದಾರಿ ತೋರಿಸೋದು ಅದರ ಕೆಲಸ.

ನೆಲದೊಳಗಿನ ಗಡ್ಡಿ ನಿಜವಾಗಿ ಬೇರು ಅಲ್ಲ, ಅಡ್ಡಕ್ಕೆ ಬೆಳೆಯುವ ಕಾಂಡ. ನಮ್ಮ ಶುಂಠಿ, ಅರಿಶಿಣ ಇದ್ದ ಹಾಗೆ. ತನ್ನ ಊಟ ತಾನೇ ಕೂಡಿಟ್ಟುಕೊಂಡಿರುತ್ತದೆ. ಅದಕ್ಕೇ ಮಣ್ಣಿಲ್ಲದೆ, ನೀರಿಲ್ಲದೆ ವಾರಗಟ್ಟಲೆ ಗಂಟಿನಲ್ಲಿದ್ದರೂ ಸಾಯುವುದಿಲ್ಲ. ಇಂಥ ಗಿಡ ಮನುಷ್ಯರ ಜೊತೆ ಊರೂರು ತಿರುಗೋದು ಸಹಜ.

ಐರಿಸ್ ಅನ್ನೋದು ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರು. ಆದರೆ ಹೂವಿನ ದಾಖಲೆ ಗ್ರೀಕರಿಗಿಂತ ಹಳೆಯದು. ಸುಮಾರು 3,400 ವರ್ಷದ ಹಿಂದೆ ಈಜಿಪ್ಟಿನ ದೊರೆ ಮೂರನೇ ಥುತ್ಮೋಸ್ ಸಿರಿಯಾದ ಮೇಲೆ ದಂಡೆತ್ತಿ ಹೋಗಿ ಬಂದ. ಹೊರನಾಡಿನಲ್ಲಿ ಕಂಡ ಗಿಡ, ಹಕ್ಕಿ, ಪ್ರಾಣಿಗಳನ್ನು ಕಾರ್ನಾಕ್ ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದ. ಅವುಗಳಲ್ಲಿ ಐರಿಸ್ ಕೂಡ ಇದೆ. ದಂಡಿಗೆ ಹೋದವರು ಹೂವಿನ ನೆನಪು ಮನೀಗೆ ತರೋದು ನಮ್ಮ ಕಾಕಾನಿಂದ ಶುರು ಆದದ್ದಲ್ಲ, ನೋಡ್ರಿ.

ಇಟಲಿಯ ಫ್ಲಾರೆನ್ಸ್ ಕಡೆ ಹೂವಿಗಿಂತ ಗಡ್ಡಿಗೇ ಬೆಲೆ ಬಂತು. ಹಸಿ ಗಡ್ಡಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಸಿಪ್ಪೆ ತೆಗೆದು ಒಣಗಿಸಿ ಎರಡು ಮೂರು ವರ್ಷ ಇಟ್ಟರೆ ಒಳಗೆ ಪರಿಮಳ ಹುಟ್ಟುತ್ತದೆ. ಇವತ್ತಿಗೂ ದುಬಾರಿ ಅತ್ತರುಗಳಲ್ಲಿ ಅದನ್ನು ಹಾಕುತ್ತಾರೆ.

ಇನ್ನೊಂದು ಮಾತು. ಕೇಸರಿ ಇದರ ಬಳಗದ್ದೇ. ಮದುವಿ ಸ್ಟೇಜಿಗೆ ಇಡೋ ಗ್ಲಾಡಿಯೋಲಸ್ ಕೂಡ.

(3/7)
ಈಗ ಕಾಶ್ಮೀರಕ್ಕ ಹೋಗೂಣು.

1620ರಲ್ಲಿ ಜಹಾಂಗೀರ ಬಾದಶಹಾ ವಸಂತ ನೋಡಲು ಕಾಶ್ಮೀರದಲ್ಲಿದ್ದ. ಅವನ ಆಸ್ಥಾನದ ಚಿತ್ರಗಾರ ಉಸ್ತಾದ್ ಮನ್ಸೂರ್. ಕಾಶ್ಮೀರದ ನೂರಕ್ಕೂ ಹೆಚ್ಚು ಹೂಗಳನ್ನು ಮನ್ಸೂರ್ ಬರೆದಿದ್ದಾನೆ ಅಂತ ಜಹಾಂಗೀರನೇ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಆ ಕಣಿವೆಯಲ್ಲಿ ವಸಂತ ಅಂದ್ರೆ ಅಂಥಾದ್ದು. ನಾಲ್ಕು ತಿಂಗಳು ಹಿಮ, ಆಮೇಲೆ ಒಮ್ಮೆಲೇ ಎಲ್ಲಾ ಹೂ.

ಐರಿಸ್‌ಗೆ ಅಲ್ಲಿ ಇನ್ನೊಂದು ಕೆಲಸ ಇತ್ತು. ಕಾಶ್ಮೀರದ ಮುಸಲ್ಮಾನರು ತಮ್ಮವರ ಗೋರಿಯ ಮೇಲೆ ಇದನ್ನು ನೆಡುತ್ತಾ ಬಂದರು. ಗಡ್ಡಿ ಒಂದಕ್ಕೊಂದು ಹೆಣೆದುಕೊಂಡು ಗೋರಿಯ ಮಣ್ಣನ್ನು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ನೀರು ಕೇಳುವುದಿಲ್ಲ. ಹಿಮದ ಕೆಳಗೆ ಮಲಗಿ, ಏಪ್ರಿಲ್–ಮೇ ಹೊತ್ತಿಗೆ ಎದ್ದು ಹೂ ಬಿಡುತ್ತದೆ. ಗೋರಿಗೆ ದಿನಾ ಬರಲು ಯಾರಿಗೂ ಆಗುವುದಿಲ್ಲ. ಬಾರದವರ ಬದಲಿಗೆ ಹೂ ಬರುತ್ತದೆ. ಕಾಕಾ ನೋಡಿದ್ದು ಇದನ್ನ.

1877ರಲ್ಲಿ ಲಂಡನ್ನಿನ ಕ್ಯೂ ತೋಟದ ಸಸ್ಯಶಾಸ್ತ್ರಿ ಜಾನ್ ಗಿಲ್ಬರ್ಟ್ ಬೇಕರ್ ಅಲ್ಲಿನ ಒಂದು ಐರಿಸ್‌ಗೆ ‘ಐರಿಸ್ ಕಾಶ್ಮೀರಿಯಾನಾ’ ಅಂತ ಹೆಸರಿಟ್ಟ. ಅದೇ ಕಾಲದಲ್ಲಿ ಕೇಂಬ್ರಿಜ್‌ನಲ್ಲಿ ಮೈಕೆಲ್ ಫಾಸ್ಟರ್ ಅನ್ನೋ ಪ್ರಾಧ್ಯಾಪಕ ಇದ್ದ. ಪಾಠ ಹೇಳೋದು ಶರೀರಶಾಸ್ತ್ರ, ಹುಚ್ಚು ಐರಿಸ್‌ದು. ಏಷ್ಯಾದ ದೊಡ್ಡ ಹೂವಿನ ಐರಿಸ್‌ಗಳನ್ನು ತರಿಸಿ, ಯುರೋಪಿನವುಗಳ ಜೊತೆ ಕೂಡಿಸಿ ಹೊಸ ತಳಿ ಮಾಡಿದ. ಅವನ ಒಂದು ತಳಿಯ ಹೆಸರು ‘ಕಾಶ್ಮೀರ್ ವೈಟ್’. 1920ರಲ್ಲಿ ಅಮೆರಿಕದಲ್ಲಿ ಐರಿಸ್ ಬೆಳೆಯುವವರದ್ದೇ ಒಂದು ಸಂಘ ಹುಟ್ಟಿತು. ಇವತ್ತು ಅಲ್ಲಿನ ಅಂಗಳಗಳಲ್ಲಿ ಸಾವಿರಾರು ತಳಿ ಇವೆ.

ಕಾಶ್ಮೀರದಿಂದ ಅಷ್ಟು ದೂರ ಹೋಗಿ ಬಾಳಿದ ಬಳಗ ನೇಸರಗಿಯಾಗ ಯಾಕ ಬಾಳಲಿಲ್ಲ?

(4/7)
ತಪ್ಪು ಗಡ್ಡೀದಲ್ಲ, ಕಾಕಾಂದೂ ಅಲ್ಲ. ಎರಡು ಪಂಚಾಂಗ ಹೊಂದಲಿಲ್ಲ, ಅಷ್ಟ.

ಐರಿಸ್‌ನ ವರ್ಷ ಹಿಂಗೈತಿ: ಚಳಿಗಾಲ ಪೂರ್ತಿ ಕೊರೆಯುವ ಥಂಡಿ. ಆ ಥಂಡಿ ತಿಂದ ಮೇಲೇನೇ ಒಳಗೆ ಮೊಗ್ಗು ಕಟ್ಟುತ್ತದೆ. ವಸಂತದಲ್ಲಿ ಹೂ. ಬೇಸಿಗೆಯಲ್ಲಿ ನಿದ್ದೆ. ಆ ನಿದ್ದೆಯ ಹೊತ್ತಿಗೆ ನೆಲ ಒಣಗಿರಬೇಕು. ಗಡ್ಡಿಯನ್ನು ಪೂರ್ತಿ ಹೂಳುವಂತೆಯೂ ಇಲ್ಲ, ಅದರ ಬೆನ್ನಿಗೆ ಬಿಸಿಲು ಬಡೀತಿರಬೇಕು. ಅದಕ್ಕೇ ಥಂಡಿ ದೇಶದವರು ವಸಂತದ ಮೊದಲಲ್ಲಿ ಮಾಡುವ ಕೆಲಸ ಏನಂದ್ರೆ, ಒಣಗಿದ ಎಲೆ ಕಿತ್ತು, ಗಡ್ಡಿಯ ಮೇಲೆ ಕೂತ ಕಸ ಸರಿಸಿ ಬಿಸಿಲಿಗೆ ತೆರೆಯೋದು. ಹೂ ಮುಗಿದ ಮೇಲೆ, ಜುಲೈ–ಆಗಸ್ಟಿನಲ್ಲಿ, ಅಗೆದು ಬೇರ್ಪಡಿಸಿ ಹೊಸ ಜಾಗಕ್ಕೆ ಹಚ್ಚುತ್ತಾರೆ.

ಈಗ ನಮ್ಮ ವರ್ಷ ನೋಡ್ರಿ. ನಮ್ಮ ಚಳಿಗೆ ಒಂದು ಸ್ವೆಟರ್ ಸಾಕು. ಯುಗಾದಿ ಬರೋದ್ರೊಳಗ ಬಿಸಿಲು ಸುಡಾಕ ಹತ್ತಿರ್ತೈತಿ. ಐರಿಸ್ ಮಲಗೋ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳಿ. ನಮ್ಮದು ಎರಿ ಹೊಲ. ಬ್ಯಾಸಗಿಯಾಗ ಕೈ ಹೋಗುವಷ್ಟು ಬಿರುಕು ಬಿಡ್ತೈತಿ, ಮಳಿಗಾಲದಾಗ ನೀರು ಹಿಡಿದು ಕೂತ್ರ ಬಿಡಂಗಿಲ್ಲ. ಜೋಳ, ಕಡ್ಲಿ, ಹತ್ತಿಗೆ ಅದು ಬಂಗಾರ. ಐರಿಸ್ ಗಡ್ಡಿಗೆ ಅದು ಕೊಳೆಯುವ ಜಾಗ. ಥಂಡಿ ಸಿಗದ ಕಾರಣಕ್ಕ ಹೂ ಬರಲಿಲ್ಲ, ಒಣ ನಿದ್ದಿ ಸಿಗದ ಕಾರಣಕ್ಕ ಗಡ್ಡಿ ಉಳೀಲಿಲ್ಲ.

ಬೆಂಗಳೂರಿನ ಲಾಲ್‌ಬಾಗ್ ನೆನಪು ಮಾಡಿಕೊಳ್ರಿ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ. ಟಿಪ್ಪು ಪರದೇಶಗಳಿಂದ ಗಿಡ ತರಿಸಿದ. 1908ರಿಂದ ಜರ್ಮನಿಯ ಕ್ರುಂಬಿಗಲ್ ಅದನ್ನು ನೋಡಿಕೊಂಡ. ಆದರೂ ಅಲ್ಲಿನ ದೊಡ್ಡ ಫಲಪುಷ್ಪ ಪ್ರದರ್ಶನ ಚೈತ್ರದಲ್ಲಿ ಇಲ್ಲ. ಗಣರಾಜ್ಯೋತ್ಸವಕ್ಕ ಒಂದು, ಸ್ವಾತಂತ್ರ್ಯ ದಿನಕ್ಕ ಒಂದು. ರಾಷ್ಟ್ರೀಯ ಹಬ್ಬ ಅಂತ ಒಂದು ಕಾರಣ ಇರಲಿ, ಜನವರಿಯ ಇಬ್ಬನಿ, ಆಗಸ್ಟಿನ ತಂಪು ಹೂವಿಗೂ ಹಿತ.

(5/7)
ಹಂಗಾದ್ರ ಪರದೇಶದ ಹೂ ನಮ್ಮಲ್ಲಿ ಬಾಳಂಗಿಲ್ಲೇನು? ಬಾಳ್ತಾವ. ನಿಮ್ಮ ಬಾಗಿಲಿಗೆ ತೋರಣ ಆಗಿ ತೂಗ್ಯಾವ.

ದೀಪಾವಳಿಗೆ ಅಂಗಡಿ ಪೂಜಾಕ್ಕ ಕಟ್ಟುವ ಚೆಂಡುಹೂ ಮೆಕ್ಸಿಕೋ ಮೂಲದ್ದು. ಅಲ್ಲಿ ನವೆಂಬರ್ 1 ಮತ್ತು 2ರಂದು ಸತ್ತವರ ಹಬ್ಬ. ಗೋರಿಗಳ ಮೇಲೆ, ಮನೆಯ ಪೂಜೆಯ ಜಾಗದಲ್ಲಿ ಇದೇ ಹೂವಿನ ರಾಶಿ ಹಾಕುತ್ತಾರೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಾವು ಅದೇ ಹೂ ಲಕ್ಷ್ಮೀಗೆ ಏರಿಸ್ತೀವಿ.

ಶಿರಸಿ, ಸಾಗರದ ಕಡೆ ಗೆಳೆಯರಿದ್ದರೆ ಡೇರೆ ಹೂ ಅಂದ ಕೂಡಲೇ ಕಣ್ಣರಳಿಸುತ್ತಾರೆ. ಅದು ಡೇಲಿಯಾ. ಅದೂ ಮೆಕ್ಸಿಕೋದ್ದೇ. 1789ರಲ್ಲಿ ಮೆಕ್ಸಿಕೋದಿಂದ ಸ್ಪೇನಿನ ಮ್ಯಾಡ್ರಿಡ್‌ಗೆ ಹೋಯಿತು. 1791ರಲ್ಲಿ ಕಾವಾನಿಲಿಯೆಸ್ ಅನ್ನೋ ಪಾದ್ರಿ, ಸ್ವೀಡನ್ನಿನ ಆಂಡರ್ಸ್ ಡಾಲ್ ಅನ್ನೋ ಸಸ್ಯಶಾಸ್ತ್ರಿಯ ನೆನಪಿಗೆ ಅದಕ್ಕೆ ಹೆಸರಿಟ್ಟ. ಆ ಡೇಲಿಯಾ ಮಲೆನಾಡಿನ ಹೆಣ್ಣುಮಕ್ಕಳ ಬಾಯಲ್ಲಿ ಡೇರೆ ಆಯಿತು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಗಡ್ಡಿ ಕೊಟ್ಟು ತಂದು ಅಂಗಳ ತುಂಬಿತು.

ಮೂರನೇದು ನಿಶಿಗಂಧ. ಬೆಂಗಳೂರಿನವರು ಸುಗಂಧರಾಜ ಅಂತಾರ. ಆಜ್ಟೆಕ್ ಜನ ಸ್ಪೇನಿನವರು ಬರೋಕೆ ಮುಂಚೆಯೇ ಇದನ್ನು ಬೆಳೆಯುತ್ತಿದ್ದರು. ಇವತ್ತು ನಮ್ಮದೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಶೃಂಗಾರ್’, ‘ಪ್ರಜ್ವಲ್’, ‘ಸುವಾಸಿನಿ’ ಅಂತ ಇದರ ತಳಿ ಮಾಡಿದೆ.

ಮೆಕ್ಸಿಕೋ ಕಾಶ್ಮೀರಕ್ಕಿಂತ ಎಷ್ಟೋ ದೂರ. ಆದ್ರ ಅಲ್ಲೂ ಮಳಿ ಬ್ಯಾಸಗಿ ತಿಂಗಳಾಗೇ ಬರ್ತೈತಿ, ಚಳಿಗಾಲ ಒಣದು. ಮಳಿ ಬಂದಾಗ ಏಳೋದು, ಒಣಗಿದಾಗ ಮಲಗೋದು ಈ ಹೂಗಳಿಗೆ ಮೊದಲೇ ಗೊತ್ತಿತ್ತು. ಭೂಪಟದ ಮ್ಯಾಲಿನ ದೂರಕ್ಕಿಂತ ಮಳಿಯ ತಾರೀಖು ದೊಡ್ಡದು.

(6/7)
ಆದ್ರ ಹವಾ ಹೊಂದಿದ್ರ ಅಷ್ಟ ಸಾಲದು.

ನಮ್ಮ ಭಾಗವನ್ನು ರಟ್ಟರು ಆಳಿದರು. ಮೊದಲು ಸವದತ್ತಿ, ಆಮೇಲೆ ವೇಣುಗ್ರಾಮ, ಅಂದ್ರೆ ಬೆಳಗಾವಿ ಅವರ ರಾಜಧಾನಿ. ಆ ಕಾಲದ ಕನ್ನಡನಾಡಿನ ದಾನಶಾಸನಗಳಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತದೆ: ಪೂದೋಂಟ. ಹೂದೋಟ. ದಾನ ಕೊಟ್ಟವರು ದೇವರಿಗೆ ಒಂದು ಬುಟ್ಟಿ ಹೂ ಕೊಟ್ಟೆವು ಅಂತ ಕಲ್ಲಿನಲ್ಲಿ ಬರೆಸಲಿಲ್ಲ. ಹೂ ಬೆಳೆಯುವ ಭೂಮಿ ಬಿಟ್ಟುಕೊಟ್ಟರು. ವರ್ಷಾ ವರ್ಷಾ ಯಾರೋ ಅಗೀಬೇಕು, ನೀರು ಹಾಕಬೇಕು, ಅವರ ಹೊಟ್ಟೆ ನಡೀಬೇಕು ಅನ್ನೋದು ಅವರಿಗೆ ಗೊತ್ತಿತ್ತು. ನಮ್ಮ ಅಕೌಂಟ್ಸ್ ಸರ್ ಹೇಳೋ ಮಾತು ಇದೇ ಅಲ್ಲೇನು? ಆಸ್ತಿ ಕೊಳ್ಳೋ ಖರ್ಚು ಒಮ್ಮೆ, ಇಟ್ಟುಕೊಳ್ಳೋ ಖರ್ಚು ಪ್ರತಿ ವರ್ಷ.

ಬೈಲಹೊಂಗಲಕ್ಕ ಹೋದಾಗ ರಾಣಿ ಚೆನ್ನಮ್ಮನ ಸಮಾಧಿಗೆ ನೀವೂ ಹೋಗಿರ್ತೀರಿ. 1824ರಲ್ಲಿ ಕಿತ್ತೂರಿನಲ್ಲಿ ಕಂಪನಿ ಸರಕಾರದ ವಿರುದ್ಧ ನಿಂತವಳು, ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಅಲ್ಲಿ ನಿಂತು ನಾವೆಲ್ಲಾ ಸೆಲ್ಫಿ ತಕ್ಕೊಂಡೀವಿ. ಸುತ್ತಲಿನ ಗಿಡಕ್ಕ ನೀರು ಹಾಕೋರು ಯಾರು ಅಂತ ನಾನಂತೂ ಒಮ್ಮೆಯೂ ಕೇಳಿಲ್ಲ.

ಲಾಲ್‌ಬಾಗ್ ಕಟ್ಟಿದವರ ಹೆಸರು ಪುಸ್ತಕದಾಗ ಅದಾವ. ಡೇಲಿಯಾಕ್ಕ ಹೆಸರಿಟ್ಟವರದ್ದೂ ಐತಿ. ಗಡ್ಡಿ ಅಗೆದು, ಬೇರ್ಪಡಿಸಿ, ಮಗಳ ಮನೀಗೆ ಒಂದು, ಬೀಗರ ಮನೀಗೆ ಒಂದು ಕೊಟ್ಟು ಇಷ್ಟು ವರ್ಷ ಉಳಿಸಿದ ಹೆಣ್ಣುಮಕ್ಕಳ ಹೆಸರು ಎಲ್ಲಿ ಐತಿ?

ನಮ್ಮ ಮನ್ಯಾಗ ಒಬ್ಬಾಕಿ ಅದಾಳ. ಐರಿಸ್ ಕೊಳೆತ ಮ್ಯಾಲ ಕಾಕಾ ಆ ಕಡೆ ಹೋಗೋದ ಬಿಟ್ಟಿದ್ರು. ಆಯಿ ಏನೂ ಮಾತಾಡಲಿಲ್ಲ. ಹಿತ್ತಲದಾಗಿನ ನಿಶಿಗಂಧದ ಒಂದು ಹಿಂಡು ಕಿತ್ತುಕೊಂಡು ಹೋಗಿ ಅದೇ ಜಾಗಾದಾಗ ಹಚ್ಚಿದಳು. ಶ್ರಾವಣದಾಗ ಬಿಳೀ ಹೂ ನಿಂತ್ವು.

(7/7)
ಕೊನೇದು. ಇದನ್ನ ಸೇವ್ ಮಾಡಿಕೊಳ್ರಿ, ಕೆಲಸಕ್ಕ ಬರ್ತೈತಿ.

ನಿಶಿಗಂಧ ಎರಡು ಮೂರು ವರ್ಷ ಒಂದೇ ಕಡೆ ಇದ್ದರೆ ಗಡ್ಡಿಗೆ ಗಡ್ಡಿ ಒತ್ತಿ ಹೂ ಸಣ್ಣ ಆಗ್ತಾವ. ಆಗ ಬೇರ್ಪಡಿಸಬೇಕು. ಎಲೆ ಹಳದಿ ಆಗುತ್ತಿದ್ದಂತೆ ನೀರು ನಿಲ್ಲಿಸ್ರಿ. ಅಗೆದು ಮಣ್ಣು ಝಾಡಿಸಿ ನೆರಳಾಗ ಒಣಗಿಸ್ರಿ. ಕೊಳೆತದ್ದು, ಮೆತ್ತಗಾದದ್ದು ಬಿಸಾಕ್ರಿ. ಎರಡು ಬೆರಳು ದಪ್ಪ ಇರೋ ಗಟ್ಟಿ ಗಡ್ಡಿ ಆರಿಸಿಕೊಳ್ರಿ. ಯುಗಾದಿ ಆಸುಪಾಸು ಹಚ್ಚೋ ಹೊತ್ತು. ಎರಿ ಮಣ್ಣಿದ್ದರೆ ಉಸುಕು, ತಿಪ್ಪಿಗೊಬ್ಬರ ಕೂಡಿಸಿ ಮಣ್ಣು ಏರಿಸಿ ಸಾಲು ಮಾಡ್ರಿ, ಮಳಿಗಾಲದ ನೀರು ನಿಲ್ಲಬಾರದು. ನೀರು ನಿಂತ್ರ ಇದೂ ಕೊಳೀತೈತಿ, ಐರಿಸ್ ಒಂದಕ್ಕ ಅಲ್ಲ ಆ ಶಾಪ. ಸುಮಾರು 5 ಸೆಂಟಿಮೀಟರ್ ಆಳ, ಗಡ್ಡಿಯಿಂದ ಗಡ್ಡಿಗೆ 20 ಸೆಂಟಿಮೀಟರ್ ಅಂತರ. ಮೊಳಕೆ ಬರೋ ತನಕ ನೀರು ಹದವಾಗಿ. ಮೂರ್ನಾಲ್ಕು ತಿಂಗಳಿಗೆ ಹೂ.

ಕಾಶ್ಮೀರದ ಐರಿಸ್ ಯಾರೂ ಬಾರದಿದ್ದರೂ ಹೂ ಬಿಡ್ತೈತಿ. ಕಾಕಾ ಅದನ್ನ ತಂದದ್ದು ಅದೇ ಕಾರಣಕ್ಕ. ತಾವು ಮತ್ತ ಬರೋದು ತಡ ಆದ್ರ ಹೂ ಆದ್ರೂ ಇರಲಿ ಅಂತ. ನಿಶಿಗಂಧ ಹಂಗಲ್ಲ. ಯಾರಾದ್ರೂ ಬಂದು ಅಗೀಬೇಕು, ಬೇರ್ಪಡಿಸಬೇಕು, ಮತ್ತ ಹಚ್ಚಬೇಕು.

ಈಗ ಕಾಕಾ ರಿಟೈರ್ ಆಗಿ ಊರಾಗ ಅದಾರ. ಹೋದ ಯುಗಾದಿ ಅಮಾಸಿ ಮುಂದ ಆಯಿಗೆ ಮೊಣಕಾಲು ನೋವು. "ನೀನ ಹೋಗಿ ಅಗದು ಬಾರೋ ತಮ್ಮಾ" ಅಂದಳು. ಕಾಕಾ ಸಲಿಕಿ ಹಿಡದ್ರು, ನಾನು ಬುಟ್ಟಿ. ಇಬ್ಬರೂ ಮಾತಾಡಲಿಲ್ಲ. ಮುಂಜಾನಿ ಹೋದವರು ಬಿಸಿಲು ನೆತ್ತಿಗೆ ಬರೋ ತನಕ ಅಜ್ಜನ ಹತ್ರ ಕೂತು ಗಡ್ಡಿ ಬಿಡಿಸಿದ್ವಿ. ವಾಪಸ್ ಬರುವಾಗ ಕಾಕಾ ಒಂದು ಮಾತು ಅಂದ್ರು: "ಮುಂದಿನ ಸಲ ಉಸುಕು ಹೆಚ್ಚು ತರೂಣು."

ಈ ಯುಗಾದಿಗೆ ಉಸುಕು ಬಂದು ಬಿದ್ದೈತಿ.

ನೀವೂ ಮನ್ಯಾಗ ಒಂದು ಪ್ರಶ್ನೆ ಕೇಳ್ರಿ: ಹಿತ್ತಲದಾಗಿನ ಈ ಹೂವಿನ ಗಡ್ಡಿ ಯಾರ ಮನಿಯಿಂದ ಬಂತು? ಉತ್ತರ ಕಮೆಂಟಿನಾಗ ಬರೀರಿ, ಹೆಸರು ಸಮೇತ. ನಮ್ಮಲ್ಲಿ ಗಡ್ಡಿ ಹೆಚ್ಚಾಗ್ಯಾವ. ಬೇಕಾದವರು ಸೋಮವಾರ ಕಾಲೇಜಿಗೆ ಬರುವಾಗ ಒಂದು ಚೀಲ ತರ್ರಿ. ರೊಕ್ಕ ಬ್ಯಾಡ.