ಒಂದು ಆಣೆ ಜಮೀನು ಎಲ್ಲಿ ಹೋಯಿತು? ಪಹಣಿ ಲೆಕ್ಕ ಮತ್ತು ಪುಟ್ಟ ಪರೀಕ್ಷೆಗಳ ಕಥೆ

ಬ್ಯಾಂಕಿನ ಸಾಲಕ್ಕೆ ಪಹಣಿ ಬೇಕು. ಬೆಳೆವಿಮೆಗೆ ಬೇಕು. ಅಣ್ಣತಮ್ಮಂದಿರು ಪಾಲಾಗುವಾಗಲೂ ಬೇಕು. ಭೀಮನಬೀಡಿನವರಿಗಾಗಲಿ, ಗುಂಡ್ಲುಪೇಟೆ ತಾಲ್ಲೂಕಿನ ಬೇರೆ ಯಾವ ಊರಿನವರಿಗಾಗಲಿ ಆ ಹಾಳೆ ಈಗ ಬರುವುದು ಕಂಪ್ಯೂಟರಿನಿಂದ. ಕಂಪ್ಯೂಟರು ಮಾಡಿದ ಲೆಕ್ಕ ಸರಿಯೇ ಎಂದು ನೋಡುವವರು ಯಾರು? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ.

ಮೊದಲು ಈ ಲೆಕ್ಕ ಶ್ಯಾನುಭೋಗರ ಕೈಯಲ್ಲಿತ್ತು. ವಂಶದಿಂದ ಬಂದ ಆ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಆಮೇಲೆ ಪುಸ್ತಕ ಗ್ರಾಮ ಲೆಕ್ಕಿಗರ ಕೈಗೆ ಹೋಯಿತು. ಬರೆದದ್ದು ಅವರೇ, ಇಟ್ಟುಕೊಂಡದ್ದೂ ಅವರೇ. ರೈತ ಕೇಳಿದಾಗ ನಕಲು ಸಿಕ್ಕರೆ ಸಿಕ್ಕಿತು.

2000ದ ಸುಮಾರಿಗೆ ರಾಜ್ಯ ಸರ್ಕಾರ 'ಭೂಮಿ' ಯೋಜನೆ ತಂದಿತು. ತಂತ್ರಾಂಶ ಮಾಡಿಕೊಟ್ಟದ್ದು ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು 177 ತಾಲ್ಲೂಕುಗಳಲ್ಲಿ ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಹಾಳೆ ಕೈಗೆ ಬರತೊಡಗಿತು.

ಏರಿಸಿದ್ದು ಸರಿಯಾಗಿದೆಯೇ ಎಂದು ನೋಡಿದ್ದು ಮನುಷ್ಯರ ಕಣ್ಣು. ಕಂಪ್ಯೂಟರಿನಿಂದ ಮುದ್ರಿಸಿದ ಹಾಳೆಯನ್ನು ಗ್ರಾಮ ಲೆಕ್ಕಿಗರು ಹಳೆಯ ಪುಸ್ತಕದ ಪಕ್ಕ ಇಟ್ಟು ತಾಳೆ ನೋಡಿದರು. ದೊಡ್ಡ ಕೆಲಸ ಅದು. ಆದರೆ ಹೀಗೆ ತಾಳೆ ನೋಡಿದರೆ ಗೊತ್ತಾಗುವುದು ಬರೆದ ಅಂಕಿ ಸರಿಯೇ ಎನ್ನುವುದು ಮಾತ್ರ. ಆ ಅಂಕಿಗಳನ್ನು ಕೂಡಿ ಕಳೆಯುವ ತಂತ್ರಾಂಶವನ್ನು ಕಾಲಕಾಲಕ್ಕೆ ತಿದ್ದುತ್ತಲೇ ಇರುತ್ತಾರೆ. ಪ್ರತಿ ತಿದ್ದುಪಡಿಗೂ 2 ಕೋಟಿ ಹಾಳೆಗಳನ್ನು ಮತ್ತೆ ತಾಳೆ ನೋಡಲು ಆಗುತ್ತದೆಯೇ?

ನಮ್ಮ ಅಳತೆಯ ಲೆಕ್ಕವೇ ಬೇರೆ. 33 ಅಡಿ ಉದ್ದ, 33 ಅಡಿ ಅಗಲ ಸೇರಿದರೆ 1 ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ 1 ಎಕರೆ. 16 ಆಣೆಗೆ 1 ಗುಂಟೆ. ಈಗ 1 ಎಕರೆ 25 ಗುಂಟೆಗೆ 2 ಎಕರೆ 20 ಗುಂಟೆ ಸೇರಿಸಿ. ಊರಿನ ಹಿರಿಯರು ಬಾಯಲ್ಲೇ 4 ಎಕರೆ 5 ಗುಂಟೆ ಅನ್ನುತ್ತಾರೆ. ಚುಕ್ಕಿ ಇಟ್ಟು 1.25 ಮತ್ತು 2.20 ಎಂದು ಬರೆದುಕೊಂಡು ಕೂಡಿಸುವ ತಂತ್ರಾಂಶ 3.45 ಅನ್ನುತ್ತದೆ. ಅಷ್ಟರಲ್ಲಿ ಅರ್ಧ ಎಕರೆಗೂ ಹೆಚ್ಚು ಜಮೀನು ಕಾಣೆ.

ಇಂಥ ತಪ್ಪು ಹಿಡಿಯುವ ಸುಲಭದ ದಾರಿಯೊಂದನ್ನು ಅಮೆರಿಕದ ಕೆಂಟ್ ಬೆಕ್ 1994ರಲ್ಲಿ ಬರೆದು ತೋರಿಸಿದರು. ಸ್ಮಾಲ್‌ಟಾಕ್ ಎಂಬ ಕಂಪ್ಯೂಟರ್ ಭಾಷೆಗೆ ಅವರು ಮಾಡಿದ ಪುಟ್ಟ ಸಲಕರಣೆಯ ಹೆಸರು ಎಸ್‌ಯೂನಿಟ್. 1997ರಲ್ಲಿ ಅವರು ಮತ್ತು ಎರಿಕ್ ಗಾಮಾ ಜೂರಿಕ್‌ನಿಂದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಹೋಗುತ್ತ, ಅಲ್ಲೇ ಕೂತು ಜಾವಾ ಭಾಷೆಗೆ ಜೆಯೂನಿಟ್ ಬರೆದರು. ಒಂದು ಪ್ರಯಾಣದಲ್ಲಿ ಬರೆಯುವಷ್ಟು ಚಿಕ್ಕದು, ಅದಕ್ಕೇ ಎಲ್ಲೆಡೆ ಹಬ್ಬಿತು. 2001ರಿಂದ ಪೈಥಾನ್ ಭಾಷೆಯ ಜೊತೆಗೇ ಅಂಥದ್ದೊಂದು ಸಲಕರಣೆ ಬರುತ್ತಿದೆ. ಬೇರೆ ದುಡ್ಡು ಕೊಡಬೇಕಿಲ್ಲ, ನಡೆಸಲು ಇಂಟರ್ನೆಟ್ ಬೇಕಿಲ್ಲ, ಹಳೆಯ ಲ್ಯಾಪ್‌ಟಾಪ್ ಸಾಕು.

ಇದನ್ನು ಯೂನಿಟ್ ಟೆಸ್ಟ್ ಎನ್ನುತ್ತಾರೆ. ತಂತ್ರಾಂಶದ ಒಂದೊಂದು ಚಿಕ್ಕ ಭಾಗಕ್ಕೂ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಬರೆದಿಡುವುದು, ಅಷ್ಟೇ. 'ಇವೆರಡನ್ನು ಕೂಡಿಸಿದರೆ 4 ಎಕರೆ 5 ಗುಂಟೆ ಬರಬೇಕು' ಎನ್ನುವುದು ಒಂದು ಪ್ರಶ್ನೆ. ತಂತ್ರಾಂಶ ತಿದ್ದಿದಾಗಲೆಲ್ಲ ಎಲ್ಲ ಪ್ರಶ್ನೆಗಳನ್ನೂ ಮತ್ತೆ ಕೇಳಿಸುತ್ತಾರೆ. ಉತ್ತರ ತಪ್ಪಿದರೆ ಯಾವ ಪ್ರಶ್ನೆಯಲ್ಲಿ ತಪ್ಪಿತು ಎಂದು ಅದೇ ಹೇಳುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ತಂತ್ರಾಂಶಕ್ಕೆ ಒಂದು ಅಗುಳು ಸಾಲದು.

ಯಾಕೆ ಸಾಲದು? 3 ಎಕರೆ 10 ಗುಂಟೆ ಜಮೀನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚಬೇಕು ಅಂದುಕೊಳ್ಳಿ. ಒಬ್ಬೊಬ್ಬರಿಗೆ 1 ಎಕರೆ 3 ಗುಂಟೆ 5 ಆಣೆ, ಮೇಲೆ ಆಣೆಯ ಮೂರನೇ ಒಂದು ಭಾಗ. ತಂತ್ರಾಂಶ ಆ ಚೂರನ್ನು ಬಿಟ್ಟುಬಿಟ್ಟರೆ ಮೂರೂ ಪಾಲು ಸೇರಿ 3 ಎಕರೆ 9 ಗುಂಟೆ 15 ಆಣೆ ಆಗುತ್ತದೆ. ಒಂದು ಆಣೆ, ಅಂದರೆ 68 ಚದರ ಅಡಿ, ಯಾರ ಹೆಸರಿನಲ್ಲೂ ಇಲ್ಲ! ಬದುವಿನ ಜಗಳಕ್ಕೆ ಅಷ್ಟು ಸಾಲದೇ? ಕೂಡುವ ಪರೀಕ್ಷೆಯಲ್ಲಿ ಪಾಸಾದ ತಂತ್ರಾಂಶ ಇಲ್ಲಿ ಸಿಕ್ಕಿಬೀಳುತ್ತದೆ. 'ಪಾಲುಗಳೆಲ್ಲ ಸೇರಿದರೆ ಮೂಲ ಜಮೀನು ಬರಬೇಕು' ಎನ್ನುವುದು ಇನ್ನೊಂದು ಪ್ರಶ್ನೆಯಾಗಬೇಕು.

ಕೇಳದ ಪ್ರಶ್ನೆಗೆ ಈ ಪರೀಕ್ಷೆ ಉತ್ತರ ಕೊಡುವುದಿಲ್ಲ. ಹಳೆಯ ಪುಸ್ತಕದಲ್ಲೇ ಹೆಸರು ತಪ್ಪಿದ್ದರೆ ಅದನ್ನೂ ಹಿಡಿಯುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು ಎಂದು ತಿಳಿಯಲು ಗುಂಟೆ, ಆಣೆ, ಖರಾಬು, ಹಿಸ್ಸೆ ಗೊತ್ತಿರಬೇಕು. ಆ ತಿಳುವಳಿಕೆ ಇರುವುದು ನಮ್ಮ ಊರುಗಳಲ್ಲಿ. ಕಂಪ್ಯೂಟರ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಮನೆಯ ಹಿರಿಯರ ಬಾಯಿಲೆಕ್ಕವನ್ನೇ ಪರೀಕ್ಷೆಯಾಗಿ ಬರೆಯಬಹುದು.

ಅಲ್ಲಿಯವರೆಗೆ ಒಂದು ಕೆಲಸವನ್ನು ನಾವೆಲ್ಲರೂ ಮಾಡಬಹುದು. ಜಂಟಿ ಪಹಣಿ ಇದ್ದವರು ಅದನ್ನು ತೆಗೆದು ನೋಡಿ. ಎಲ್ಲರ ಪಾಲನ್ನೂ ಕೂಡಿಸಿ, 16 ಆಣೆಗೆ ಗುಂಟೆ, 40 ಗುಂಟೆಗೆ ಎಕರೆ ಮಾಡಿ. ಮೇಲೆ ಬರೆದಿರುವ ವಿಸ್ತೀರ್ಣದಲ್ಲಿ ಖರಾಬು ಕಳೆದರೆ ಅಷ್ಟೇ ಬರುತ್ತದೆಯೇ? ಬರದಿದ್ದರೆ ಆ ಹಾಳೆ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ಕೇಳಿ.