ಡೆಕ್ಕಿನ ಟಿಕೇಟು

ಅಮ್ಮ ಈ ವರ್ಷ ನಿವೃತ್ತಳಾಗುತ್ತಾಳೆ. ಮೈಸೂರಿನ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳಿಗೆ ಒಂದೇ ಆಸೆ: ಹಡಗಿನಲ್ಲಿ ಕೂತು ಸಮುದ್ರ ನೋಡಬೇಕು. ನನ್ನ ಬಳಿ ಇರುವುದು ಸಂಶೋಧನಾ ವೃತ್ತಿವೇತನದಲ್ಲಿ ಉಳಿಸಿದ ಒಂದಿಷ್ಟು ದುಡ್ಡು. ಟ್ರಾವೆಲ್ ಕಚೇರಿಯಿಂದ ತಂದ ಕರಪತ್ರದಲ್ಲಿ 'ಕೈಗೆಟುಕುವ ಐಷಾರಾಮ' ಎಂದು ದಪ್ಪಕ್ಷರದಲ್ಲಿದೆ. ಚರಿತ್ರೆ ಓದುವವನಿಗೆ ಇಂಥ ಮಾತು ಕಂಡರೆ ಹಿಂದಕ್ಕೆ ತಿರುಗಿ ನೋಡುವ ಚಟ. ಹಡಗಿನಲ್ಲಿ ಐಷಾರಾಮ ಎಂದರೆ ಏನಾಗಿತ್ತು? ಅದು ಯಾರ ಕೈಗೆ ಎಟುಕುತ್ತಿತ್ತು?

ನಮ್ಮ ಮನೆಯಲ್ಲಿ ಹಡಗು ಹತ್ತಿದ್ದವಳು ಅಜ್ಜಿ ಒಬ್ಬಳೇ. 1950ರ ದಶಕದ ಆರಂಭದಲ್ಲಿ ಕಾರವಾರದಿಂದ ಮುಂಬೈಗೆ ಹೋಗಿದ್ದಳು. ಅವಳ ಬಾಯಲ್ಲಿ ಅದು 'ಆಗಬೋಟು'. ಕರಾವಳಿಯ ಹೊಳೆಗಳಿಗೆಲ್ಲ ಆಗಿನ್ನೂ ಸೇತುವೆ ಬಂದಿರಲಿಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅಲ್ಲಿಯವರೆಗೆ ಕಾಯಲಾಗದವರು, ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಕೆಲಸ ಹುಡುಕಿಕೊಂಡು ಹೊರಟ ಹುಡುಗರೂ ಸೇರಿ, ಬಂದರಿನಿಂದ ಬಂದರಿಗೆ ನಿಲ್ಲುತ್ತಾ ಸಾಗುವ ಸ್ಟೀಮರನ್ನೇ ನಂಬಿದ್ದರು. ಸ್ಟೀಮರು ದೂರದಲ್ಲಿ ಲಂಗರು ಹಾಕುತ್ತಿತ್ತು. ಚಿಕ್ಕ ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಸಂಚಾರ ಬಂದ್.

ಅಜ್ಜಿಯದು ಡೆಕ್ಕಿನ ಟಿಕೇಟು, ಎಲ್ಲಕ್ಕಿಂತ ಅಗ್ಗದ್ದು. ಚಾಪೆ, ಟ್ರಂಕು, ಅವಲಕ್ಕಿಯ ಗಂಟು, ವಾಂತಿಗೆ ಮದ್ದಾಗಿ ಉಪ್ಪಿನಲ್ಲಿಟ್ಟ ನಿಂಬೆ. ಪಕ್ಕದವರ ಕಾಲು ತಲೆಗೆ ತಾಗುವಷ್ಟು ಜನ. ಆದರೆ ಮಲಗಿದರೆ ಮೇಲೆ ಇಡೀ ಆಕಾಶ. ಕೊನೆಗಾಲದವರೆಗೂ ಅವಳು ಹೇಳುತ್ತಿದ್ದದ್ದು ಆ ರಾತ್ರಿಯ ನಕ್ಷತ್ರಗಳ ಕಥೆ.

ಮೇಲಿನ ದರ್ಜೆಯ ಟಿಕೇಟಿನಿಂದ ಸಿಗುತ್ತಿದ್ದದ್ದು ಮುಖ್ಯವಾಗಿ ಬೇರೆಯವರಿಂದ ದೂರ: ಬೇರೆ ಕ್ಯಾಬಿನ್, ಬೇರೆ ಊಟದ ಮನೆ, ಓಡಾಡಲು ಬೇರೆ ಡೆಕ್ಕು. ಮೈಸೂರಿನವರಿಗೆ ಹತ್ತಿರದ ಉದಾಹರಣೆಯೊಂದಿದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿ ಇಲ್ಲಿ ತಂಗಿದ್ದ ವಿವೇಕಾನಂದರು 1893ರ ಮೇ 31ರಂದು ಮುಂಬೈಯಿಂದ 'ಪೆನಿನ್ಸುಲರ್' ಎಂಬ ಹಡಗಿನಲ್ಲಿ ಅಮೆರಿಕಕ್ಕೆ ಹೊರಟರು. ಅವರಿಗೆ ಮೊದಲ ದರ್ಜೆಯ ಟಿಕೇಟು ಕೊಡಿಸಿದ್ದು ಖೇತ್ರಿಯ ರಾಜ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಸನ್ಯಾಸಿಗೂ ದರ್ಜೆಯ ಲೆಕ್ಕ ತಪ್ಪಲಿಲ್ಲ.

ಆ ಪ್ರಯಾಣದ ಮುಂದಿನ ಭಾಗ ಇನ್ನೂ ಸ್ವಾರಸ್ಯದ್ದು. ಯೊಕೊಹಾಮಾದಿಂದ ವ್ಯಾಂಕೂವರ್‌ಗೆ ಅವರು ಹೋದದ್ದು 'ಎಂಪ್ರೆಸ್ ಆಫ್ ಇಂಡಿಯಾ' ಹಡಗಿನಲ್ಲಿ. ಅದೇ ಹಡಗಿನಲ್ಲಿ ಜಮ್ಶೆಡ್‌ಜಿ ಟಾಟಾ ಇದ್ದರು. 1898ರಲ್ಲಿ ಟಾಟಾ ಆ ಸಹಪ್ರಯಾಣವನ್ನು ನೆನೆದು, ತಮ್ಮ ಸಂಶೋಧನಾ ಸಂಸ್ಥೆಯ ಯೋಜನೆಯ ಬಗ್ಗೆ ವಿವೇಕಾನಂದರಿಗೆ ಪತ್ರ ಬರೆದರು. ಮೈಸೂರು ಸಂಸ್ಥಾನ ಸುಮಾರು 370 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಹುಟ್ಟಿತು. ಎಲ್ಲವೂ ಹಡಗಿನ ಮಾತುಕತೆಯಿಂದಲೇ ಆಯಿತು ಎಂದರೆ ಅತಿಯಾದೀತು. ಆದರೂ ಇಬ್ಬರಿಗೂ ಅಷ್ಟು ದಿನ ಬೇರೆ ಕೆಲಸವಿರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹಡಗಿನಲ್ಲಿ ಹೋದ ವಿ.ಕೃ. ಗೋಕಾಕರಿಗೂ ಅಂಥ ಬಿಡುವು ಸಿಕ್ಕಿತ್ತು. ಕನ್ನಡಕ್ಕೆ 'ಸಮುದ್ರ ಗೀತೆಗಳು' ಸಿಕ್ಕಿತು.

ಈ ಬಿಡುವನ್ನು ಕಸಿದುಕೊಂಡದ್ದು ವಿಮಾನ. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್‌ಗಳು ಹಾರತೊಡಗಿದವು. 1960ರಲ್ಲಿ ಏರ್ ಇಂಡಿಯಾದ ಬೋಯಿಂಗ್ 707 ನ್ಯೂಯಾರ್ಕ್ ಮುಟ್ಟಿತು. ಊರು ತಲುಪಲು ಹಡಗು ಬೇಡವಾಯಿತು. ಕೆಲಸ ಕಳೆದುಕೊಂಡ ದೊಡ್ಡ ಹಡಗುಗಳಲ್ಲಿ ಕೆಲವು ಗುಜರಿಗೆ ಹೋದವು, ಕೆಲವು ವಿಹಾರಕ್ಕೆ ತಿರುಗಿದವು. ಹಿಂದೆ ಬೇಡದಿದ್ದರೂ ಅನುಭವಿಸಲೇಬೇಕಿದ್ದ ಖಾಲಿ ದಿನಗಳೇ ಈಗ ಮಾರಾಟದ ಸರಕು. ಅದಕ್ಕೆ 'ಕ್ರೂಸ್' ಎಂದು ಹೆಸರು.

ನನ್ನ ಕರಪತ್ರದಲ್ಲಿರುವ ಹಡಗಿಗೂ ಚರಿತ್ರೆಯಿದೆ. ಕಾರ್ಡೇಲಿಯಾ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಓಡಿಸಲು ಶುರುಮಾಡಿದ 'ಎಂಪ್ರೆಸ್' ಹೊಸದಲ್ಲ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿ ಮುಗಿಸಿದಾಗ ಅದರ ಹೆಸರು 'ನಾರ್ಡಿಕ್ ಎಂಪ್ರೆಸ್'. ಕಟ್ಟಿಸಿದ್ದು ರಾಯಲ್ ಕೆರಿಬಿಯನ್. ಮೂರು ನಾಲ್ಕು ರಾತ್ರಿಗಳ ಪ್ರವಾಸಕ್ಕೆಂದೇ ರೂಪಿಸಿದ್ದು. ವಾರಗಟ್ಟಲೆ ರಜೆಯಾಗಲಿ ಹಣವಾಗಲಿ ಇಲ್ಲದವರು ಅದರ ಗಿರಾಕಿಗಳು. ಐಷಾರಾಮ ಕೈಗೆಟುಕುವುದರ ಒಂದು ಗುಟ್ಟು ಇಲ್ಲೇ ಇದೆ: ಹಡಗು ಹಳೆಯದು, ದಿನಗಳು ಕಡಿಮೆ. ಇನ್ನೊಂದು ಗುಟ್ಟು ಕಹಿಯಾದದ್ದು. ಲೋಕದ ಕ್ರೂಸ್ ಹಡಗುಗಳಲ್ಲಿ ಬಹಳಷ್ಟು ಬಹಾಮಾಸ್, ಪನಾಮಾಗಳ ಬಾವುಟ ಹಾರಿಸುತ್ತವೆ. ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು ಹೆಚ್ಚಾಗಿ ನಮ್ಮಂಥ ದೇಶಗಳಿಂದ, ಗೋವಾ ಮಂಗಳೂರುಗಳಿಂದಲೂ, ಹೋದವರು. ಅವರ ಸಂಬಳ ಕಡಿಮೆ ಇರುವುದರಿಂದಲೂ ನಮ್ಮ ಟಿಕೇಟು ಅಗ್ಗ.

ಇಷ್ಟು ಓದಿದ ಮೇಲೆ ಕರಪತ್ರವನ್ನು ಬೇರೆ ಕಣ್ಣಿಂದ ನೋಡಿದೆ. ದಪ್ಪಕ್ಷರದ ದರ ಒಬ್ಬರಿಗೆ, ಅದೂ ಕ್ಯಾಬಿನ್ನಿನಲ್ಲಿ ಇಬ್ಬರಿದ್ದರೆ. ತೆರಿಗೆ, ಬಂದರು ಶುಲ್ಕ, ಸೇವಕರಿಗೆ ಕೊಡುವ ಭಕ್ಷೀಸು ಕೆಳಗೆ ಸಣ್ಣಕ್ಷರದಲ್ಲಿವೆ. ದಡದ ಸುತ್ತಾಟ ಬೇರೆ, ಮೈಸೂರಿನಿಂದ ಮುಂಬೈಗೆ ಹೋಗಿಬರುವ ಖರ್ಚು ಬೇರೆ. ಇವನ್ನೆಲ್ಲ ಕೂಡಿಸಿ ರಾತ್ರಿಗಳ ಸಂಖ್ಯೆಯಿಂದ ಭಾಗಿಸಿದ ಮೇಲೆಯೇ ಎರಡು ಹಡಗುಗಳನ್ನು ಹೋಲಿಸಬಹುದು. ಮೊದಲು ಅಗ್ಗವೆನಿಸಿದ್ದ ಒಂದು ಪ್ರವಾಸ ಹೀಗೆ ಲೆಕ್ಕ ಹಾಕಿದಾಗ ಪಟ್ಟಿಯಿಂದ ಬಿದ್ದುಹೋಯಿತು.

ಉಳಿದದ್ದು ಕ್ಯಾಬಿನ್ನಿನ ಪ್ರಶ್ನೆ. ಈಗ ಎಲ್ಲಕ್ಕಿಂತ ಅಗ್ಗದ್ದು ಒಳಗಿನ ಕೋಣೆ. ಅದಕ್ಕೆ ಕಿಟಕಿಯೇ ಇಲ್ಲ. ಕಿಟಕಿಗೆ ಒಂದು ಬೆಲೆ, ಬಾಲ್ಕನಿಗೆ ಇನ್ನೊಂದು. ಅಜ್ಜಿಯ ಕಾಲದಲ್ಲಿ ಬಡವರ ಪಾಲಿಗೆ ಬಂದಿದ್ದ ಗಾಳಿ, ಆಕಾಶ ಈಗ ದುಬಾರಿ ಸರಕು. ಆದರೆ ಒಂದು ಮಾತ್ರ ನಮ್ಮ ಪರವಾಗಿ ಬದಲಾಗಿದೆ. ಮೇಲಿನ ದೊಡ್ಡ ಡೆಕ್ಕು ಈಗ ಒಂದು ದರ್ಜೆಯವರದ್ದಲ್ಲ. ಒಳಗಿನ ಕೋಣೆಯವರೂ ಅಲ್ಲಿ ಕೂರಬಹುದು.

ಕಿಟಕಿಯಿಲ್ಲದ ಕೋಣೆಯನ್ನೇ ಗೊತ್ತುಮಾಡಿದೆ. ಅಮ್ಮನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾಪೆ ತಗೊಂಡು ಹೋಗೋಕೆ ಬಿಡ್ತಾರೇನೋ?" ಅಂದಳು.